ಹಿಂಡಿ ಬದಲು ಅಲಸಂದೆ ಹಾಕಿದ ಮೇಲೆ ಮರಿಗಳ ತೂಕ ನಿಂತಿದೆ, ಹಿಕ್ಕೆ ಸಡಿಲ

ಮರಿಮಂದೆ: ಹಾಲು ಬಿಟ್ಟ ಕುರಿಮರಿಗಳು, ನಾಲ್ಕು ತಿಂಗಳ ಆಸುಪಾಸು. ಶೇಂಗಾ ಹಿಂಡಿ ಸಿಗಲಿಲ್ಲ, ಅದರ ಜಾಗಕ್ಕೆ ಅಷ್ಟೇ ತೂಕದ ಅಲಸಂದೆ ಹಿಟ್ಟು ಹಾಕುತ್ತಿದ್ದೇನೆ. 100 ಕೆ.ಜಿ.ಗೆ ಮೆಕ್ಕೆಜೋಳ 60, ಅಲಸಂದೆ 25, ಗೋಧಿ ಬೂಸಾ 12, ಖನಿಜ ಮಿಶ್ರಣ ಮತ್ತು ಉಪ್ಪು 3. ಜೊತೆಗೆ ಒಣ ಮೇವು. ತಿನ್ನುತ್ತವೆ, ಆದರೆ ತೂಕ ಏರುತ್ತಿಲ್ಲ. ಹಿಕ್ಕೆ ಗುಂಡಗೆ ಕಟ್ಟದೆ ಸೆಗಣಿ ತರಹ ಬೀಳುತ್ತದೆ, ಹುಳಿ ವಾಸನೆ ಬೇರೆ. ಜಂತಿನ ಔಷಧ ಕುಡಿಸಿ ಆಗಿದೆ. ಅಲಸಂದೆ ಒಗ್ಗುತ್ತಿಲ್ಲವಾ?

ಟಗರುಹಟ್ಟಿ: ಅಲಸಂದೆ ಒಳ್ಳೆಯದೇ ಸರ್. ಲೆಕ್ಕ ತಪ್ಪಿದೆ. ಒಳ್ಳೆ ಶೇಂಗಾ ಹಿಂಡಿಯಲ್ಲಿ ಪ್ರೋಟೀನ್ ಸುಮಾರು 44%, ಅಲಸಂದೆಯಲ್ಲಿ 24% ಅಷ್ಟೇ. ಹುರುಳಿ, ಬಟಾಣಿ, ತೊಗರಿ, ಕಡಲೆ ಎಲ್ಲವೂ ಹೆಚ್ಚುಕಡಿಮೆ ಇದೇ ಸಾಲಿನವು. ಹಿಂಡಿ ಇದ್ದಾಗ ನಿಮ್ಮ ಮಿಶ್ರಣದಲ್ಲಿ 18% ಇತ್ತು, ಈಗ 13%. ಒಣ ಮೇವಿನಲ್ಲಿ ಪ್ರೋಟೀನ್ ತೀರಾ ಕಡಿಮೆ, ಹಾಗಾಗಿ ಒಟ್ಟು ಆಹಾರದಲ್ಲಿ ಇನ್ನೂ ಇಳಿಯುತ್ತದೆ. ಬೆಳೆಯುವ ಮರಿಗೆ ತೂಕ ಎಲ್ಲಿಂದ ಬರಬೇಕು?

ಹಿಕ್ಕೆಯ ವಿಷಯ ಬೇರೆ. ಹಿಂಡಿಯಲ್ಲಿ ಪಿಷ್ಟ ಕಡಿಮೆ, ಕಾಳಿನಲ್ಲಿ ಅರ್ಧಕ್ಕೆ ಹತ್ತಿರ. ಅದರ ಮೇಲೆ ಮೆಕ್ಕೆಜೋಳ 60 ಹಾಗೇ ಇದೆ. ಅದೂ ನುಣ್ಣಗೆ ಹಿಟ್ಟು ಮಾಡಿದರೆ ರೂಮೆನ್‌ನಲ್ಲಿ (ಮೆಲುಕು ಹಾಕುವ ಪ್ರಾಣಿಯ ಮೊದಲ ದೊಡ್ಡ ಹೊಟ್ಟೆ) ಬೇಗ ಹುದುಗಿ ಆಮ್ಲ ಏರುತ್ತದೆ. ಹುಳಿ ವಾಸನೆ ಅದರದ್ದೇ ಇರಬೇಕು.

ಹೀಗೆ ಮಾಡಿ ನೋಡಿ: ಮೆಕ್ಕೆಜೋಳ 30, ಅಲಸಂದೆ 50, ಬೂಸಾ 17, ಖನಿಜ-ಉಪ್ಪು 3. ಪ್ರೋಟೀನ್ 17% ಹತ್ತಿರ ಬರುತ್ತದೆ. ಅಲಸಂದೆ ನುಚ್ಚಾಗಿ ಒಡೆಸಿದರೆ ಸಾಕು, ಕುರಿ ಚೆನ್ನಾಗಿ ಅಗಿಯುತ್ತದೆ. ಆದರೆ ಇದನ್ನು ಒಂದೇ ದಿನ ಸುರಿಯಬೇಡಿ. ಮೊದಲು ದಾಣಿ (ಈ ಕಾಳಿನ ಮಿಶ್ರಣ) ಅರ್ಧಕ್ಕೆ ಇಳಿಸಿ ಒಣ ಮೇವು ಜಾಸ್ತಿ ಮಾಡಿ. ಹಿಕ್ಕೆ ಗಟ್ಟಿಯಾದ ಮೇಲೆ ಎರಡು ವಾರ ತೆಗೆದುಕೊಂಡು ನಿಧಾನವಾಗಿ ಏರಿಸಿ. ದಿನದ ದಾಣಿ ಎರಡು ಹೊತ್ತಿಗೆ ಹಂಚಿ, ಮೇವು ತಿಂದ ಮೇಲೆ ಕೊಡಿ. ಮರಿ ಮೇವು ಬಿಟ್ಟು, ಹಲ್ಲು ಕಡಿಯುತ್ತಾ ತೂಕಡಿಸಿ ನಿಂತರೆ ದಾಣಿ ನಿಲ್ಲಿಸಿ ಡಾಕ್ಟರನ್ನು ಕರೆಯಿರಿ.

ಮೇವುಕಟ್ಟು: ಕರುಳು ಬೇನೆ (ಕಾಳು ಜಾಸ್ತಿ ತಿಂದಾಗ ಕರುಳಿನಲ್ಲಿ ವಿಷ ಏರುವ ರೋಗ) ಲಸಿಕೆ ಹಾಕಿಸಿದ್ದೀರಾ? ಕಾಳು ಏರಿಸುವ ಮೊದಲು ಅದನ್ನು ಮುಗಿಸಿಕೊಳ್ಳಿ. ದಷ್ಟಪುಷ್ಟ ಮರಿಯೇ ಮೊದಲು ಹೋಗುವುದು. ಅಲಸಂದೆಯನ್ನು ಹದವಾಗಿ ಹುರಿದು ಒಡೆಸಿದರೆ ಪ್ರೋಟೀನ್ ಪೂರ್ತಿ ರೂಮೆನ್‌ನಲ್ಲೇ ಒಡೆಯದೆ ಒಂದಷ್ಟು ಮುಂದಿನ ಕರುಳಿಗೆ ಸಿಗುತ್ತದೆ. ಕಪ್ಪಾಗುವಷ್ಟು ಹುರಿದರೆ ಮಾತ್ರ ಸುಮ್ನೆ ಸೌದೆ ದಂಡ.

ಮರಿಮಂದೆ: ಧನ್ಯವಾದ. ಲಸಿಕೆ ಆಗಿದೆ. ದಾಣಿ ಅರ್ಧ ಮಾಡಿದ್ದೇ ಹಿಕ್ಕೆ ಮತ್ತೆ ಗುಂಡಗಾಗಿದೆ, ಈಗ ಹೊಸ ಮಿಶ್ರಣ ಸ್ವಲ್ಪ ಸ್ವಲ್ಪ ಏರಿಸುತ್ತಿದ್ದೇನೆ. ಎರಡು ಪ್ರಶ್ನೆ. ಅಲಸಂದೆ ಮುಗಿದರೆ ಸೋಯಾ ಕಾಳು ಹಾಕಬಹುದಾ? ಮತ್ತೆ ಇವತ್ತು ಬೆಳಿಗ್ಗೆಯಿಂದ ಒಂದು ಗಂಡು ಮರಿ ಬಾಲ ಅಲ್ಲಾಡಿಸುತ್ತಾ ತಿಣುಕುತ್ತಿದೆ, ಮೂತ್ರ ಹನಿ ಹನಿ.

ಟಗರುಹಟ್ಟಿ: ಎರಡನೆಯದು ಮೊದಲು. ಡಾಕ್ಟರಿಗೆ ಈಗಲೇ ಫೋನ್ ಮಾಡಿ, ನಾಳೆ ನೋಡೋಣ ಅನ್ನಬೇಡಿ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರಬಹುದು. ಪೂರ್ತಿ ಕಟ್ಟಿದರೆ ಮೂತ್ರಚೀಲ ಒಡೆದು ಮರಿ ಸಾಯುತ್ತದೆ. ಕಾಳು, ಬೂಸಾ ಎರಡರಲ್ಲೂ ರಂಜಕ ಜಾಸ್ತಿ, ಸುಣ್ಣದ ಅಂಶ (ಕ್ಯಾಲ್ಸಿಯಂ) ಕಡಿಮೆ. ಕಲ್ಲು ಕಟ್ಟುವುದು ಅಲ್ಲಿಂದಲೇ. ಉಳಿದ ಗಂಡು ಮರಿಗಳಿಗೆ ಬೂಸಾ ಇಳಿಸಿ, ಸುಣ್ಣಕಲ್ಲಿನ ಪುಡಿ 100ಕ್ಕೆ ಒಂದು ಕೆ.ಜಿ. ಸೇರಿಸಿ. ಆಹಾರದಲ್ಲಿ ಕ್ಯಾಲ್ಸಿಯಂ ರಂಜಕದ ಎರಡರಷ್ಟು ಇರಬೇಕು. ನೀರಿನ ತೊಟ್ಟಿ ಯಾವಾಗಲೂ ತುಂಬಿರಲಿ.

ಸೋಯಾ ಹುರಿದೇ ಹಾಕಿ. ಹಸಿ ಸೋಯಾ ಇದ್ದರೆ ಅದೇ ಮಿಶ್ರಣಕ್ಕೆ ಯೂರಿಯಾ ಮಾತ್ರ ಬೆರೆಸಬೇಡಿ, ಅಮೋನಿಯಾ ಏಳುತ್ತದೆ. ಕೇಸರಿ ಬೇಳೆ ಯಾರಾದರೂ ಕೊಟ್ಟರೂ ಬೇಡ, ಅದರ ವಿಷ ನರಕ್ಕೆ ಹೊಡೆಯುತ್ತದೆ.

ಡಾಕ್ಟರ್ ಬಂದು ನೋಡಿದ ಮೇಲೆ ಏನಂದರು ಬರೆಯಿರಿ.