ಸ್ಟಾಲಿನ್‌ಗ್ರಾಡ್ ಕರಿಯರ್: 109 ಎಫ್-4 ಇಂಜಿನ್ ಜಗಳದ ನಡುವೆ ಯಾಕ ನಿಲ್ತೈತಿ?

ಪ್ರಶ್ನೆ (ಬಾಗಲಕೋಟೆ)

ನಮಸ್ಕಾರ್ರಿ. ಐಎಲ್-2 ಗ್ರೇಟ್ ಬ್ಯಾಟಲ್ಸ್ ಅನ್ನೂ ಕಂಪ್ಯೂಟರ್ ವಿಮಾನ ಆಟದಾಗ ಸ್ಟಾಲಿನ್‌ಗ್ರಾಡ್ ಕರಿಯರ್, ವಿಮಾನ ಜರ್ಮನ್ ಫೈಟರ್ ಬಿಎಫ್ 109 ಎಫ್-4, ಐರನ್ ಮ್ಯಾನ್ (ಸತ್ತರ ಕರಿಯರ್ ಮುಗೀತು) ಆನ್. ಸೋವಿಯತ್ ಫೈಟರ್ ಯಾಕ್-1 ಬೆನ್ನು ಹತ್ತಿ ಥ್ರಾಟಲ್ ಪೂರ್ತಿ ಕೊಟ್ಟರ ಎರಡ್ಮೂರು ನಿಮಿಷಕ್ಕ ಇಂಜಿನ್ ಕೆಟ್ಟು ನಿಲ್ತೈತಿ. ನೀರಿನ ಕಾವು ಮಾತ್ರ ಸರಿ ಇರ್ತೈತಿ. ಮತ್ತ, ಗುಂಡು ಹಾರಿಸೂ ಹೊತ್ತಿಗೆ ವಿಮಾನದ ಮೂಗು ಮ್ಯಾಲೆ ಏಳ್ತೈತಿ. ಜಾಯ್‌ಸ್ಟಿಕ್ ಹಳೇದು. ಏನ್ ಮಾಡ್ಬೇಕ್ರಿ?

ಉತ್ತರ 1 (ಬೆಳಗಾವಿ)

ಇದು ಕಾವಿನ ತೊಂದರೆ ಅಲ್ರಿ, ಬೂಸ್ಟ್ ಒತ್ತಡದ್ದು, ಅಂದ್ರ ಇಂಜಿನ್‌ಗೆ ಒತ್ತಿ ತುಂಬೂ ಗಾಳೀದು. ಅದಕ್ಕ ನೀರಿನ ಮುಳ್ಳು ನೋಡಿದರ ಏನೂ ತಿಳಿಯಂಗಿಲ್ಲ, ಎಟಿಎ (ಆ ಒತ್ತಡದ ಅಳತೆ) ಮುಳ್ಳು ನೋಡ್ರಿ. ಎಫ್-4 ಇಂಜಿನ್ 1.15 ಎಟಿಎದಾಗ ಎಷ್ಟು ಹೊತ್ತಾದರೂ ಓಡ್ತೈತಿ, 1.3 ಎಟಿಎ ಅಂದ್ರ 30 ನಿಮಿಷ, 1.42 ಅಂದ್ರ ಬರೀ 1 ನಿಮಿಷ. ಥ್ರಾಟಲ್ ಪೂರ್ತಿ ಅಂದ್ರ ಆ 1.42. ಇಳಿಸಿದ ಕೂಡ್ಲೆ ಆ ಒಂದು ನಿಮಿಷ ಪೂರ್ತಿ ವಾಪಸ್ ಸಿಗಂಗಿಲ್ಲ, ಆರಾಮ ಓಡಿಸಿದಾಗ ನಿಧಾನಕ್ಕ ತುಂಬತೈತಿ. ಥ್ರಾಟಲ್ ಲಿವರ್ ಬಾಜೂಕ 1.15ಕ್ಕ ಒಂದು, 1.3ಕ್ಕ ಒಂದು ಟೇಪ್ ತುಂಡು ಅಂಟಿಸ್ರಿ. ಜಗಳದಾಗ ಮುಳ್ಳು ನೋಡಾಕ ಪುರಸೊತ್ತು ಇರಂಗಿಲ್ಲ, ಬೆರಳಿಗೆ ಟೇಪ್ ಸಿಗತೈತಿ. ಪ್ರೊಪೆಲ್ಲರ್, ರೇಡಿಯೇಟರ್ ಎರಡೂ ಆಟೋದಾಗ ಬಿಡ್ರಿ.

ಇನ್ನ, ಯಾಕ್ ಬೆನ್ನು ಹತ್ತೋದ ತಪ್ಪು. ಅದರ ಎಂ-105ಪಿಎಫ್ ಇಂಜಿನ್‌ಗೆ ಈ ಆಟದಾಗ ಹಿಂಗ ಟೈಮ್ ಮಿತಿ ಇಲ್ಲ. ಆದರ ಅದರ ಪೂರ್ತಿ ಶಕ್ತಿ 2,700 ಮೀಟರ್ ತನಕ ಅಷ್ಟ. ನೀವು 4,000ದ ಮ್ಯಾಲೆ ಇರ್ರಿ, ಇಳಿದು ಒಂದು ಸಲ ಹೊಡೀರಿ, ಆ ವೇಗದಾಗ ತಿರುಗಿ ಮ್ಯಾಲೆ ಹೋಗ್ರಿ. ನಿಮ್ಮ ತೋಪಿನಾಗ 200 ಗುಂಡು, ಒತ್ತಿ ಹಿಡಿದರ ಹೆಚ್ಚಂದ್ರ 17 ಸೆಕೆಂಡು. 200 ಮೀಟರ್ ಒಳಗ ಬರೂ ತನಕ ಟ್ರಿಗರ್ ಮುಟ್ಟಬ್ಯಾಡ್ರಿ.

ಉತ್ತರ 2 (ವಿಜಯಪುರ)

ಮೂಗಿಂದು: ಮೆತ್ತಗ ಏಳ್ತೈತೋ, ಟಕ್ಕನ ಜಿಗೀತೈತೋ, ಅದನ್ನ ಮೊದಲ ನೋಡ್ರಿ. ಡೈವ್‌ನಾಗ ವೇಗ ಏರಿದಂಗ ಮೆತ್ತಗ ಏಳ್ತಿದ್ದರ ಅದು ಸ್ಟೆಬಿಲೈಜರ್ (ಬಾಲದ ಅಡ್ಡ ರೆಕ್ಕೆ), ಸಾವಕಾಶ ಹಾರಾಟಕ್ಕ ಹಾಕಿದ್ದು ಹಂಗ ಉಳದೈತಿ. ಇಳಿಯೂ ಮೊದಲ ನಾಲ್ಕೈದು ಸಲ ನೋಸ್ ಡೌನ್ ಕೊಡ್ರಿ.

ಟಕ್ಕನ ಜಿಗಿದರ ಜಾಯ್‌ಸ್ಟಿಕ್ ಒಳಗಿನ ಪೊಟೆನ್ಶಿಯೋಮೀಟರ್, ಅಂದ್ರ ಸ್ಟಿಕ್ ಎಷ್ಟು ಸರಿದೈತಿ ಅಂತ ಅಳೆಯೂ ಭಾಗ. ವಿಂಡೋಸ್ ಗೇಮ್ ಕಂಟ್ರೋಲರ್ ಪರದೆ ತಗದು ಸ್ಟಿಕ್ ಸಾವಕಾಶ ಎಳೀರಿ, ಗುರುತು ಕುಣೀತಂದ್ರ ಒಳಗ ಧೂಳು ಕೂತೈತಿ ಇಲ್ಲ ಸವದೈತಿ. ನಮ್ಮ ಕಡೆ ಬ್ಯಾಸಗಿ ಧೂಳು ಗೊತ್ತಲ್ಲ. ಪವರ್ ತಗದು ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಹೊಡದು, 20–30 ಸಲ ಈ ಕಡೆ ಆ ಕಡೆ ತಿರುಗಿಸಿ ಒಣಗಾಕ ಬಿಡ್ರಿ. ಡಬ್ಲ್ಯುಡಿ-40ಯ ಮಾಮೂಲಿ ಡಬ್ಬಿ ಬ್ಯಾಡ. ಡೆಡ್‌ಝೋನ್ ಹೆಚ್ಚು ಮಾಡಿದರ ನಡುವಿನ ಅಲುಗಾಟ ಮಾತ್ರ ಹೋಗ್ತೈತಿ, ಬ್ಯಾರೆ ಕಡೆ ಜಿಗಿಯೋದು ಹೋಗಂಗಿಲ್ಲ. ಹೊಸದು ತಗೊಳ್ಳೂದಾದರ ಹಾಲ್ ಸೆನ್ಸರ್ (ಆಯಸ್ಕಾಂತದಿಂದ ಅಳೆಯೂದು) ಇರೋದು ನೋಡ್ರಿ.

ಐರನ್ ಮ್ಯಾನ್ ಅಂತೀರಿ, ಯುಪಿಎಸ್ ಐತೇನ್ರಿ? ಕರೆಂಟ್ ಹೋದರ ಕಷ್ಟ, ಮಿಷನ್ ನಡುವ ಸೇವ್ ಇಲ್ಲ. 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ತಡೀತೈತಿ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರ ಟ್ರಿಪ್ ಆಗ್ತೈತಿ.

ಉತ್ತರ 3 (ಬೆಳಗಾವಿ)

ಕರಿಯರ್ ಶುರುವಿನ ತಾರೀಖೂ ನೋಡ್ರಿ. 1942ರ ನವೆಂಬರ್ 19ಕ್ಕ ಸೋವಿಯತ್ ಪ್ರತಿದಾಳಿ ಶುರುವಾತು, ಆಮೇಲೆ ಜರ್ಮನ್ ಸೇನೆ ಸುತ್ತುವರಿದು ಸಿಕ್ಕಿಬಿತ್ತು. ಆ ಸುತ್ತಿನ ಒಳಗಿನ ಪಿಟೊಮ್ನಿಕ್ ವಿಮಾನ ನೆಲೆ 1943ರ ಜನವರಿ 16ಕ್ಕ ಜರ್ಮನ್ನರ ಕೈತಪ್ಪಿತು. ಕಲಿಯಾಕ ಸೆಪ್ಟೆಂಬರ್ ಚಲೋ. ಚಳಿಗಾಲದಾಗ ಮೋಡ ತಗ್ಗಿನಾಗ ಇದ್ದರ, ಮ್ಯಾಲಿನವರು ಹೇಳಿದ 4,000 ಮೀಟರ್ ಲೆಕ್ಕ ನಡೆಯಂಗಿಲ್ಲ. ಜೂ 52 (ಜರ್ಮನ್ ಸಾಗಾಣಿಕೆ ವಿಮಾನ) ಬೆಂಗಾವಲು ಬಂದರ ಪಕ್ಕದಾಗ ಹಾರಬ್ಯಾಡ್ರಿ, ಅದು ಭಾಳ ನಿಧಾನ. 500–800 ಮೀಟರ್ ಮ್ಯಾಲೆ ಎಡಕ್ಕ ಬಲಕ್ಕ ಹಾವಿನಂಗ ಹೊರಳ್ತಾ ಹೋಗ್ರಿ, ವೇಗ ಉಳೀತೈತಿ.

ಪ್ರಶ್ನೆ ಕೇಳಿದವರು (ಬಾಗಲಕೋಟೆ)

ಗುರುತು ಕುಣೀತೈತ್ರಿ, ಕ್ಲೀನರ್ ತರ್ತೀನಿ. ಇಂಧನ ಎಷ್ಟು ಹಾಕ್ಲಿ?

ಉತ್ತರ 1 (ಬೆಳಗಾವಿ)

ಟ್ಯಾಂಕ್ 400 ಲೀಟರ್. 40 ನಿಮಿಷದ ಮಿಷನ್‌ಗೆ ಶೇ. 70 ಸಾಕು, 280 ಲೀಟರ್. ಬೆಂಗಾವಲು ಇದ್ದರ ಪೂರ್ತಿ ತುಂಬಿಸ್ರಿ.