‘ಟೀಮ್‌ಶೆಫ್’ ಎಂಬ ಹುದ್ದೆಗೆ ಕನ್ನಡದಲ್ಲಿ ಏನೆನ್ನಬೇಕು?

ಜರ್ಮನಿಯ ಹೆಸರಾಂತ ಫುಟ್‌ಬಾಲ್ ಸ್ಟ್ರೈಕರ್ ರೂಡಿ ಫೊಲರ್ ಅವರ (ನಮ್ಮಲ್ಲಿ ‘ವೊಲ್ಲರ್’ ಎಂದು ಬರೆಯುವುದುಂಟು, ಜರ್ಮನ್ನರ ಬಾಯಲ್ಲಿ ಅದು ‘ಫ’ಕಾರ) ಪರಿಚಯ ಲೇಖನವೊಂದನ್ನು ಬರೆಯುತ್ತ ಒಂದು ಪದದ ಬಳಿ ನಿಂತುಬಿಟ್ಟಿದ್ದೇನೆ. ಅವರ ಆಟದ ದಿನಗಳನ್ನು ಹೇಳಲು ಕನ್ನಡ ಎಲ್ಲಿಯೂ ತಡವರಿಸಲಿಲ್ಲ. 1960ರಲ್ಲಿ ಹಾನೌ ಪಟ್ಟಣದಲ್ಲಿ ಹುಟ್ಟಿ, ವೆರ್ಡರ್ ಬ್ರೆಮೆನ್, ರೋಮಾ, ಮಾರ್ಸೇ, ಲೆವರ್‌ಕೂಸೆನ್ ಕ್ಲಬ್ಬುಗಳಿಗೆ ಆಡಿ, ದೇಶದ ಪರವಾಗಿ 90 ಪಂದ್ಯಗಳಲ್ಲಿ 47 ಗೋಲು ಹೊಡೆದರು ಎಂದು ಬರೆದಾಯಿತು. ತೊಡಕಿರುವುದು 2000ದಿಂದ 2004ರವರೆಗೆ ಅವರು ರಾಷ್ಟ್ರೀಯ ತಂಡವನ್ನು ನಡೆಸಿದ ಹುದ್ದೆಯ ಹೆಸರಾದ ‘ಟೀಮ್‌ಶೆಫ್’ನಲ್ಲಿ.

‘ತರಬೇತುದಾರ’ ಎಂದರೆ ಸಾಲದೇ ಎಂದು ಕೇಳಬಹುದು. ಹಾಗೆ ಬರೆದರೆ ಸಂಗತಿಯೇ ತಪ್ಪುತ್ತದೆ. ಜರ್ಮನಿಯ ರಾಷ್ಟ್ರೀಯ ತಂಡದ ತರಬೇತುದಾರನಿಗೆ ‘ಬುಂಡೆಸ್‌ಟ್ರೇನರ್’ ಎಂಬ ಹೆಸರಿದ್ದು, ಆ ಹೆಸರು ಹೊರಲು ತರಬೇತಿಯ ಪರವಾನಗಿ ಇರಬೇಕು. 1984ರಲ್ಲಿ ತಂಡದ ಹೊಣೆ ಹೊತ್ತ ಫ್ರಾನ್ಸ್ ಬೆಕೆನ್‌ಬಾವರ್ ಅವರಲ್ಲಿ ಆ ಪರವಾನಗಿ ಇರಲಿಲ್ಲವಾದ್ದರಿಂದ ಅವರನ್ನು ‘ಟೀಮ್‌ಶೆಫ್’ ಎಂದು ಕರೆಯಲಾಯಿತು. 1990ರ ಜುಲೈ 8ರಂದು ರೋಮ್‌ನಲ್ಲಿ ನಡೆದ ವಿಶ್ವಕಪ್ ಫೈನಲ್‌ನ 85ನೆಯ ನಿಮಿಷದಲ್ಲಿ ಅರ್ಜೆಂಟೀನಾದ ಪೆನಾಲ್ಟಿ ಆವರಣದೊಳಗೆ ಬಿದ್ದು, ಅದಕ್ಕೆ ಸಿಕ್ಕ ಪೆನಾಲ್ಟಿಯಲ್ಲಿ ಸಹ ಆಟಗಾರ ಬ್ರೆಮೆ ಹೊಡೆದ ಆ ಒಂದೇ ಗೋಲಿಗೆ ಕಾರಣರಾದ ಫೊಲರ್ ಅವರೇ ಹತ್ತು ವರ್ಷಗಳ ಬಳಿಕ, ಅದೇ ಪರವಾನಗಿಯ ಕೊರತೆಯಿಂದ, ಅದೇ ಹೆಸರನ್ನು ಹೊತ್ತರು. ಜೊತೆಗಿದ್ದ ಮಿಖಾಯೆಲ್ ಸ್ಕಿಬ್ಬೆ ಕಾಗದದ ಮೇಲೆ ಬುಂಡೆಸ್‌ಟ್ರೇನರ್. ಆದರೂ 2002ರಲ್ಲಿ ಯೋಕೊಹಾಮಾದ ಫೈನಲ್‌ವರೆಗೆ ತಂಡವನ್ನು ಒಯ್ದವರು (ಅಲ್ಲಿ ಬ್ರೆಜಿಲ್‌ಗೆ 0–2ರಿಂದ ಸೋತರು) ಯಾರೆಂದು ಕೇಳಿದರೆ ಎಲ್ಲರೂ ಹೇಳುವುದು ಫೊಲರ್ ಹೆಸರನ್ನೇ.

‘ಮ್ಯಾನೇಜರ್’ ಎನ್ನೋಣವೆಂದರೆ ಅಲ್ಲಿಯೂ ಇಕ್ಕಟ್ಟು. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಮ್ಯಾನೇಜರ್ ಎಂದರೆ ತಂಡವನ್ನು ಆರಿಸಿ ಆಡಿಸುವವನು. ಕ್ರಿಕೆಟ್ ಓದುವ ಕನ್ನಡಿಗರಿಗೆ ಆ ಪದ ತಂಡದ ಪ್ರಯಾಣ, ವಸತಿ ನೋಡಿಕೊಳ್ಳುವವನನ್ನು ನೆನಪಿಸುತ್ತದೆ. ಜರ್ಮನ್ ಬಳಕೆಯಾದರೋ ಮೂರನೆಯದು: 1974ರ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಊಲಿ ಹೋನೆಸ್ ಮೊಣಕಾಲಿನ ಪೆಟ್ಟಿನಿಂದ ಆಟ ಬಿಟ್ಟು, 1979ರಲ್ಲಿ, ತಮ್ಮ 27ನೆಯ ವಯಸ್ಸಿನಲ್ಲಿ, ಬಾಯರ್ನ್ ಮ್ಯೂನಿಕ್‌ನ ಮ್ಯಾನೇಜರ್ ಆದರು, ಅವರ ಕೆಲಸ ಹಣಕಾಸು ಮತ್ತು ಆಟಗಾರರ ಕೊಡುಕೊಳ್ಳುವಿಕೆಯೇ ಹೊರತು ಆಟ ಕಲಿಸುವುದಲ್ಲ. ಹಾಗಾಗಿ ‘ಮ್ಯಾನೇಜರ್ ಆದ ಜರ್ಮನ್ ದಾಳಿ ಆಟಗಾರ’ ಎಂದರೆ ಫೊಲರ್ ಅವರನ್ನು ಹೇಳುತ್ತಿದ್ದೇವೆಯೋ ಹೋನೆಸ್ ಅವರನ್ನೋ ತಿಳಿಯುವುದಿಲ್ಲ.

ಮೂಲಪದವನ್ನು ಹಾಗೆಯೇ ಉಳಿಸಿದರೆ ಓದುಗರು ತಂಡದ ಅಡುಗೆಯವನೆಂದುಕೊಂಡಾರು. ಜರ್ಮನ್‌ನಲ್ಲಿ ‘ಶೆಫ್’ ಎಂದರೆ ಮೇಲಿನವನು, ಮುಖ್ಯ ಎಂದಷ್ಟೇ ಅರ್ಥ. ‘ನಾಯಕ’ ಅಂಗಳದಲ್ಲಿರುವವನಿಗೆ ಮೀಸಲು. ಗರಡಿಮನೆಯ ‘ವಸ್ತಾದ’ ನನಗೆ ಬಹಳ ಇಷ್ಟವಾದ ಪದ, ಆದರೆ ಅದರ ಜೀವವೇ ಕಲಿಸುವುದರಲ್ಲಿದೆ, ಇಲ್ಲಿ ಹುದ್ದೆಯ ಹೆಸರು ಬಿಟ್ಟುಕೊಟ್ಟಿರುವುದೂ ಅದನ್ನೇ. ‘ಯಜಮಾನ’ ಹತ್ತಿರ ಬರುತ್ತದೆ. ಆದರೆ ಯಕ್ಷಗಾನ ಬಲ್ಲವರಿಗೆ ಮೇಳದ ಯಜಮಾನ ಬೇರೆ, ರಂಗದ ಮೇಲೆ ಆಟ ನಡೆಸುವ ಭಾಗವತ ಬೇರೆ. ಸದ್ಯಕ್ಕೆ ‘ತಂಡದ ಮುಖ್ಯಸ್ಥ’ ಎಂದು ಬರೆದಿದ್ದೇನೆ, ಕಚೇರಿಯ ವಾಸನೆ ಹೊಡೆಯುತ್ತಿದೆ.

ಬಲ್ಲವರು ಈ ವಾಕ್ಯವನ್ನು ತಿದ್ದಿಕೊಟ್ಟರೆ ನನ್ನ ಕೆಲಸ ಮುಗಿಯುತ್ತದೆ: “2004ರ ಯೂರೊ ಕಪ್‌ನಲ್ಲಿ ಜರ್ಮನಿ ಮೊದಲ ಸುತ್ತಿನಲ್ಲೇ ಹೊರಬಿದ್ದಾಗ ಟೀಮ್‌ಶೆಫ್ ಫೊಲರ್ ರಾಜೀನಾಮೆ ಕೊಟ್ಟರು; 1990ರಲ್ಲಿ ಅವರ ಜೊತೆ ದಾಳಿ ಆಟಗಾರನಾಗಿ ಆಡಿದ್ದ ಕ್ಲಿನ್ಸ್‌ಮನ್ ಬುಂಡೆಸ್‌ಟ್ರೇನರ್ ಆಗಿ ಬಂದರು.” ಇಲ್ಲಿ ಎರಡೂ ಕಡೆ ‘ತರಬೇತುದಾರ’ ಎಂದು ಹಾಕದಿರುವುದು ಹೇಗೆ?