ಕಾಫಿ ಹುರಿಯುವ ಯಂತ್ರ: ಫ್ಲಿಕರ್ ಸರಿಪಡಿಸಲು ಹೋದರೆ ಹಾರ್ಮೋನಿಕ್ಸ್ ಮಿತಿ ಮೀರುತ್ತಿದೆ

ಪ್ರಶ್ನೆ (ವಿರಾಜಪೇಟೆಯಿಂದ)

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಸಮೀಪದ ನಮ್ಮ ತೋಟದ ಮನೆಯ ಹಿಂದಿನ ಶೆಡ್ಡಿನಲ್ಲಿ, ಒಂದು ಸಲಕ್ಕೆ ಎರಡು ಕಿಲೋ ಕಾಫಿ ಬೀಜ ಹುರಿಯುವ ವಿದ್ಯುತ್ ಯಂತ್ರವೊಂದನ್ನು ಕಟ್ಟಿದ್ದೇನೆ. ಅದರಲ್ಲಿ 3 ಕಿಲೋವ್ಯಾಟಿನ ಒಂದೇ ಹೀಟರ್ ಇದ್ದು, ತಾಪ ನಿಯಂತ್ರಕವು ಅದನ್ನು ಸಾಲಿಡ್ ಸ್ಟೇಟ್ ರಿಲೇ (ಚಲಿಸುವ ಭಾಗಗಳಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್ಚು) ಮೂಲಕ ಎರಡು ಸೆಕೆಂಡಿನ ಸುತ್ತಿನಲ್ಲಿ ಆನ್ ಆಫ್ ಮಾಡುತ್ತದೆ. ಯುರೋಪಿನಲ್ಲಿ ಮನೆಬಳಕೆಗೆ ಮಾರುವ ಆಲೋಚನೆಯಿಂದ ಪ್ರಯೋಗಾಲಯಕ್ಕೆ ಕಳುಹಿಸಿದಾಗ ಹಾರ್ಮೋನಿಕ್ಸ್ (ಕರೆಂಟಿನ ಮೂಲ ಅಲೆಗೆ ಬೆರೆಯುವ, ಅದರ ಮೂರು, ಐದು ಇತ್ಯಾದಿ ಪಟ್ಟು ಆವರ್ತನದ ಅಲೆಗಳು) ಪರೀಕ್ಷೆಯಲ್ಲಿ ತೊಂದರೆಯಾಗಲಿಲ್ಲ, ಆದರೆ ಫ್ಲಿಕರ್ (ವೋಲ್ಟೇಜ್ ಏರಿಳಿತದಿಂದ ದೀಪ ಮಿನುಗುವುದು) ಪರೀಕ್ಷೆಯಲ್ಲಿ ಪಿಎಸ್‌ಟಿ, ಅಂದರೆ ಹತ್ತು ನಿಮಿಷದ ಮಿನುಗಿನ ಅಳತೆ, 1.0ರ ಮಿತಿ ಮೀರಿ 2.8 ಬಂದು ಯಂತ್ರ ಅನುತ್ತೀರ್ಣವಾಯಿತು. ಮನೆಯಲ್ಲೂ ಇದು ಕಣ್ಣಿಗೆ ಕಾಣುತ್ತದೆ: ರಿಲೇಯ ಕೆಂಪು ದೀಪ ಹೊತ್ತಿದಾಗಲೆಲ್ಲ ಶೆಡ್ಡಿನ ಬಲ್ಬು ಕುಗ್ಗಿ, ಗೋಡೆಯ ಮೇಲಿನ ಡ್ರಮ್ಮಿನ ನೆರಳು ಅಲುಗಿದಂತಾಗುತ್ತದೆ.

ರಿಲೇ ತೆಗೆದು, ಪ್ರತಿ ಅಲೆಯ ಒಂದು ಭಾಗವನ್ನಷ್ಟೇ ಬಿಡುವ ಟ್ರಯಾಕ್ ನಿಯಂತ್ರಕ ಹಾಕಿದೆ. ಬಲ್ಬು ನಿಶ್ಚಲವಾಯಿತು. ಆದರೆ ಸ್ನೇಹಿತರಿಂದ ತಂದ ಪವರ್ ಅನಲೈಸರ್, ಅರ್ಧ ಶಕ್ತಿಯಲ್ಲಿ ಮೂರನೇ ಹಾರ್ಮೋನಿಕ್ 4.2 ಆಂಪಿಯರ್ ಎಂದು ತೋರಿಸುತ್ತಿದೆ. ಇನ್ನೊಂದು ಗೊಂದಲವೂ ಇದೆ. ಟ್ರಯಾಕ್ ಬಿಟ್ಟು ಹೀಟರನ್ನು ನೇರವಾಗಿ ಪ್ಲಗ್ಗಿಗೆ ಜೋಡಿಸಿದರೂ ಐದನೇ ಹಾರ್ಮೋನಿಕ್ ಶೇಕಡಾ 3ರಷ್ಟು ಕಾಣಿಸುತ್ತದೆ. ಬರೀ ಹೀಟರಿನಲ್ಲಿ ಅದು ಹುಟ್ಟುವುದಾದರೂ ಎಲ್ಲಿಂದ? ಬಲ್ಲವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ (ಕುಶಾಲನಗರದಿಂದ)

ನಮಸ್ಕಾರ ಸರ್. ಎರಡನೆಯ ಗೊಂದಲವನ್ನು ಮೊದಲು ಬಿಡಿಸುತ್ತೇನೆ. ಹೀಟರ್ ಶುದ್ಧ ರೋಧಕವಾದ್ದರಿಂದ ಅದರ ಕರೆಂಟು ವೋಲ್ಟೇಜಿನ ಆಕಾರವನ್ನೇ ಹೊತ್ತು ಬರುತ್ತದೆ. ತಾವು ಕಂಡ ಶೇಕಡಾ 3 ತಮ್ಮ ಲೈನಿನಲ್ಲಿ ಮೊದಲೇ ಇದ್ದದ್ದು. ಬಚ್ಚಲುಮನೆಯ ಗೀಸರನ್ನು ಅದೇ ಪ್ಲಗ್ಗಿಗೆ ಹಾಕಿ ಅಳೆದು ನೋಡಿ, ಹೆಚ್ಚುಕಡಿಮೆ ಅದೇ ಶೇಕಡಾವಾರು ಬರುತ್ತದೆ. ಹಾರ್ಮೋನಿಕ್ಸಿನ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61000-3-2 ಪ್ರಕಾರ ಪರೀಕ್ಷೆಗೆ ಬಳಸುವ ವೋಲ್ಟೇಜಿನಲ್ಲಿ ಮೂರನೇ ಹಾರ್ಮೋನಿಕ್ ಶೇಕಡಾ 0.9, ಐದನೆಯದು 0.4, ಏಳನೆಯದು 0.3 ಮೀರಬಾರದು. ಗೋಡೆಯ ಪ್ಲಗ್ಗಿನಲ್ಲಿ ಅಷ್ಟು ಶುದ್ಧ ಅಲೆ ಸಿಗುವುದಿಲ್ಲವೆಂದೇ ಪ್ರಯೋಗಾಲಯದವರು ಪ್ರತ್ಯೇಕ ವಿದ್ಯುತ್ ಮೂಲ ಇಟ್ಟುಕೊಂಡಿರುತ್ತಾರೆ. ಮನೆಯ ಅಳತೆಯನ್ನು ಹೋಲಿಕೆಗಷ್ಟೇ ಇಟ್ಟುಕೊಳ್ಳಿ, ತೀರ್ಪಿಗಲ್ಲ.

ಟ್ರಯಾಕಿನ 4.2 ಆಂಪಿಯರ್ ಮಾತ್ರ ನಿಜವಾದ ತೊಂದರೆ. ಅದೇ ಮಾನದಂಡದಲ್ಲಿ ತಮ್ಮ ಯಂತ್ರ ಬರುವ ಎ ವರ್ಗಕ್ಕೆ, ಮೂರನೇ ಹಾರ್ಮೋನಿಕ್ಕಿಗೆ 2.30, ಐದಕ್ಕೆ 1.14, ಏಳಕ್ಕೆ 0.77 ಆಂಪಿಯರ್ ಮಿತಿ ಇದೆ. 13 ಆಂಪಿಯರಿನ ಹೀಟರಿನ ಅಲೆಯನ್ನು ನಡುಮಧ್ಯದಲ್ಲಿ ಕತ್ತರಿಸಿದರೆ, ಲೆಕ್ಕದ ಪ್ರಕಾರ ಮೂರನೆಯದು ಸುಮಾರು 4.1, ಐದು ಮತ್ತು ಏಳು ತಲಾ 1.4ರ ಹತ್ತಿರ ಬರುತ್ತವೆ. ಮೂರೂ ಮಿತಿಯ ಆಚೆಗೇ. ಯಾವ ಫಿಲ್ಟರ್ ಕಟ್ಟಿದರೂ ಈ ಗಾತ್ರದ ಕೆಳ ಹಾರ್ಮೋನಿಕ್ಸನ್ನು ಕಡಿಮೆ ಖರ್ಚಿನಲ್ಲಿ ತಡೆಯಲಾಗದು, ಆದ್ದರಿಂದ ಟ್ರಯಾಕನ್ನು ಕೈಬಿಟ್ಟು ರಿಲೇಗೇ ಮರಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ವೃತ್ತಿಬಳಕೆಯ 1 ಕಿಲೋವ್ಯಾಟ್ ಮೀರಿದ ಯಂತ್ರಗಳಿಗೆ ಈ ಮಾನದಂಡದಲ್ಲಿ ಮಿತಿ ಹಾಕಿಲ್ಲ ಎಂದು ಯಾರಾದರೂ ಹೇಳಿಯಾರು. ಮನೆಬಳಕೆಗೂ ಮಾರುವ ತಮಗೆ ಆ ವಿನಾಯಿತಿ ಅನ್ವಯಿಸದು.

ಫ್ಲಿಕರ್ ವಿಷಯಕ್ಕೆ ಉತ್ತರಿಸುವ ಮುನ್ನ ಎರಡು ಮಾಹಿತಿ ಬೇಕು: ಹೀಟರ್ ಹೊತ್ತಿದಾಗ ಶೆಡ್ಡಿನಲ್ಲಿ ವೋಲ್ಟೇಜ್ ಎಷ್ಟು ಇಳಿಯುತ್ತದೆ, ಮೀಟರ್ ಬೋರ್ಡಿನಿಂದ ಶೆಡ್ಡಿಗೆ ಯಾವ ಗಾತ್ರದ ವೈರು ಎಷ್ಟು ದೂರ ಎಳೆದಿದ್ದೀರಿ?

ಪ್ರಶ್ನೆ ಕೇಳಿದವರು

ಗೀಸರಿನಲ್ಲೂ ತಾವು ಹೇಳಿದಂತೆಯೇ ಬಂತು, ಮನಸ್ಸಿಗೆ ಸಮಾಧಾನವಾಯಿತು. ವೋಲ್ಟೇಜ್ 230 ಇದ್ದದ್ದು 218ಕ್ಕೆ ಇಳಿಯುತ್ತದೆ. ವೈರು 2.5 ಚದರ ಮಿಲಿಮೀಟರಿನ ತಾಮ್ರದ್ದು, ದೂರ ಸುಮಾರು 40 ಮೀಟರ್.

ಉತ್ತರ (ಕುಶಾಲನಗರದಿಂದ)

ಹಾಗಾದರೆ ಲೆಕ್ಕ ಸ್ಪಷ್ಟವಾಗಿದೆ. 12 ವೋಲ್ಟನ್ನು 13 ಆಂಪಿಯರಿನಿಂದ ಭಾಗಿಸಿದರೆ ತಮ್ಮಲ್ಲಿ ದಾರಿಯ ರೋಧ 0.92 ಓಮ್. ಫ್ಲಿಕರಿನ ಮಾನದಂಡವಾದ ಐಇಸಿ 61000-3-3 ಪರೀಕ್ಷೆಗೆ ನಿಗದಿಪಡಿಸಿದ ರೋಧ 0.4 ಓಮ್, ಜೊತೆಗೆ 0.25 ಓಮ್ ಇಂಡಕ್ಟಿವ್ ಭಾಗ. ಆದ್ದರಿಂದ ಶೆಡ್ಡಿನಲ್ಲಿ ಬಲ್ಬು ಪ್ರಯೋಗಾಲಯದಲ್ಲಿ ಆಗುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕುಗ್ಗುತ್ತಿದೆ; ಅದರಲ್ಲಿ ಸುಮಾರು 0.6 ಓಮ್ ಆ 40 ಮೀಟರ್ ವೈರಿನದ್ದೇ.

ಪ್ರಯೋಗಾಲಯದಲ್ಲಿ 13 ಆಂಪಿಯರಿಗೆ ಇಳಿತ 5.2 ವೋಲ್ಟ್, ಅಂದರೆ ಶೇಕಡಾ 2.27. ಸ್ಥಿರ ಇಳಿತಕ್ಕೆ ಇರುವ ಶೇಕಡಾ 3.3ರ ಮಿತಿಯೊಳಗೇ ಇದೆ. ಕೆಡಿಸುತ್ತಿರುವುದು ಇಳಿತದ ಗಾತ್ರವೊಂದೇ ಅಲ್ಲ, ಅದು ಎಷ್ಟು ಸಲ ಮರುಕಳಿಸುತ್ತದೆ ಎಂಬುದು. ಮಾನದಂಡದಲ್ಲೇ ಕೊಟ್ಟಿರುವ ಸೂತ್ರದಂತೆ, ಇಳಿತದ ಶೇಕಡಾವಾರನ್ನು 3.2ರ ಘಾತಕ್ಕೇರಿಸಿ 2.3ರಿಂದ ಗುಣಿಸಿದರೆ ಒಂದು ಬದಲಾವಣೆಯ ಪ್ರಭಾವ ಸೆಕೆಂಡುಗಳಲ್ಲಿ ಸಿಗುತ್ತದೆ. ತಮ್ಮ ಹೀಟರಿಗೆ ಅದು ಸುಮಾರು 32 ಸೆಕೆಂಡು. ಹತ್ತು ನಿಮಿಷದ ವೀಕ್ಷಣೆಯ 600 ಸೆಕೆಂಡಿನಲ್ಲಿ ಇಂಥ 19 ಬದಲಾವಣೆಗಳಾದರೆ ಪಿಎಸ್‌ಟಿ 1.0 ಮುಟ್ಟುತ್ತದೆ. ತಾವು ಮಾಡುತ್ತಿರುವುದು 600 ಬದಲಾವಣೆ, ಏಕೆಂದರೆ ಹೊತ್ತುವುದೊಂದು, ಆರುವುದೊಂದು.

ಸುತ್ತನ್ನು 20 ಸೆಕೆಂಡಿಗೆ ಹಿಗ್ಗಿಸಿದರೂ ಪಿಎಸ್‌ಟಿ 1.4ರಲ್ಲೇ ನಿಲ್ಲುತ್ತದೆ. ಎರಡು ಗಂಟೆಯ ಸರಾಸರಿಯಾದ ಪಿಎಲ್‌ಟಿಯ 0.65ರ ಮಿತಿಗೆ ಒಗ್ಗಬೇಕಾದರೆ ಸುತ್ತು ನಾಲ್ಕು ನಿಮಿಷವಾಗಬೇಕು; ಅಷ್ಟರಲ್ಲಿ ಬೀಜ ಕರಕಲಾಗುತ್ತದೆ.

ಆದ್ದರಿಂದ ಒಂದು 3 ಕಿಲೋವ್ಯಾಟ್ ಹೀಟರಿನ ಬದಲು 1 ಕಿಲೋವ್ಯಾಟಿನ ಮೂರು ಹಾಕಿ. ಅವುಗಳನ್ನು ಒಂದೊಂದಾಗಿ ಹಚ್ಚಿ, ಅಗತ್ಯವಿದ್ದಷ್ಟನ್ನು ಕಾಂಟ್ಯಾಕ್ಟರಿನಲ್ಲಿ (ದೊಡ್ಡ ಕರೆಂಟಿನ ಸ್ವಿಚ್ಚು) ಹೊತ್ತಿಸಿಯೇ ಇಟ್ಟು, ಒಂದನ್ನು ಮಾತ್ರ ವೋಲ್ಟೇಜ್ ಸೊನ್ನೆ ದಾಟುವ ಕ್ಷಣದಲ್ಲಿ ಆನ್ ಆಫ್ ಮಾಡುವ ರಿಲೇಯಿಂದ ನಿಯಂತ್ರಿಸಿ. ಆಗ ಹೆಜ್ಜೆ 4.35 ಆಂಪಿಯರಿಗೆ, ಇಳಿತ ಶೇಕಡಾ 0.76ಕ್ಕೆ ಬರುತ್ತದೆ, ಗಾತ್ರ ಮೂರನೇ ಒಂದಾದಾಗ ಪ್ರಭಾವ 32 ಸೆಕೆಂಡಿನಿಂದ ಒಂದು ಸೆಕೆಂಡಿಗೂ ಕೆಳಗಿಳಿಯುತ್ತದೆ. 20 ಸೆಕೆಂಡಿನ ಸುತ್ತಿನಲ್ಲಿ ಪಿಎಸ್‌ಟಿ ಸುಮಾರು 0.48 ಆಗಬೇಕು. ಬಿಸಿಯಾದ ಡ್ರಮ್ಮಿಗೆ 20 ಸೆಕೆಂಡು ಏನೂ ಅಲ್ಲ.

ಪ್ರಶ್ನೆ ಕೇಳಿದವರು

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ಮಳೆಗೆ ಮರ ಬಿದ್ದು ನಾಲ್ಕು ದಿನ ಕರೆಂಟೇ ಇರಲಿಲ್ಲ. ಮೂರು ಹೀಟರುಗಳಾಗಿ ಬದಲಿಸಿ ಮತ್ತೆ ಕಳುಹಿಸಿದೆ. ಪಿಎಸ್‌ಟಿ 0.51, ಪಿಎಲ್‌ಟಿ 0.49 ಬಂದಿದೆ, ಹಾರ್ಮೋನಿಕ್ಸ್ ಎಲ್ಲವೂ ಮಿತಿಯ ಬಹಳ ಕೆಳಗಿವೆ. ಬೀಜ ಚಟಚಟ ಸಿಡಿಯುವ ಹಂತದಲ್ಲಿ ತಾಪ ಮೊದಲಿಗಿಂತ ಎರಡು ಡಿಗ್ರಿ ಹೆಚ್ಚು ಏರಿಳಿಯುತ್ತಿತ್ತು, ನಿಯಂತ್ರಕವನ್ನು ಹೊಸ ಸುತ್ತಿಗೆ ಹೊಂದಿಸಿದ ಮೇಲೆ ಅದೂ ಸರಿಹೋಯಿತು. ಶೆಡ್ಡಿಗೆ 6 ಚದರ ಮಿಲಿಮೀಟರಿನ ವೈರು ಎಳೆಸಿದೆ. ನಿನ್ನೆ ಸಂಜೆ ಹುರಿಯುವಾಗ ಗೋಡೆಯ ಮೇಲಿನ ನೆರಳನ್ನು ಬಹಳ ಹೊತ್ತು ನೋಡಿದೆ, ಅಲುಗಿದ್ದು ಕಾಣಲಿಲ್ಲ. ತಮಗೆ ಹೃತ್ಪೂರ್ವಕ ಧನ್ಯವಾದಗಳು.